ನಿಂಬೆಯ ಜಾತಿಯ ಹಣ್ಣುಗಳು ಒಗ್ಗದಿರುವಿಕೆ ಮತ್ತು ಅದರ ಪರೀಕ್ಷೆ

ನಿಂಬೆ, ಕಿತ್ತಳೆ, ಮೂಸಂಬಿ, ಚಕ್ಕೋತ, ಹೆರಳೆ, ಮಾದಲ ಮುಂತಾದ ಹಣ್ಣುಗಳ ಬೇಸಾಯದ ವಿಷಯವಾಗಿ ಈ ನಾಡಿನ ಒಕ್ಕಲಿಗರಿಗೆ ಹೊಸದಾಗಿ ಹೇಳಬೇಕಾದುದು ಹೆಚ್ಚಾಗಿರಲಾರದು. ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ನಿಂಬೆಯೂ, ಕೊಡಗಿನ ಕಿತ್ತಳೆಯೂ, ದೇವನಹಳ್ಳಿಯ ಚಕ್ಕೋತವೂ ಭೌಗೋಳಿಕ ಗುರುತಿನ ಮರ್ಯಾದೆಯನ್ನು ಪಡೆದಿರುತ್ತವೆ. ಆದರೆ ಈ ಹಣ್ಣುಗಳನ್ನು ಕೊಯ್ಯುವವರಲ್ಲಿಯೂ, ಹಿಂಡುವವರಲ್ಲಿಯೂ, ತಿನ್ನುವವರಲ್ಲಿಯೂ ಕೆಲವರಿಗೆ ತುಟಿ ನಾಲಿಗೆಗಳು ನವೆಯುವುದು, ಮೈಮೇಲೆ ಗಂಧೆ ಏಳುವುದು, ಕೈಯ ಚರ್ಮವು ಕಪ್ಪಾಗುವುದು, ಅಪರೂಪವಾಗಿ ಉಸಿರು ಕಟ್ಟುವುದು ಇವೇ ಮೊದಲಾದ ಬಾಧೆಗಳು ಉಂಟಾಗುವುವು. ಇವೆಲ್ಲಕ್ಕೂ ನಮ್ಮ ಜನರು ಹೇಳುವ ಮಾತು ಒಂದೇ. ಅದು "ನಂಜು" ಎಂಬುದು. ಬದನೆಕಾಯಿಯೂ ನಂಜು, ಕಡಲೆಕಾಯಿಯೂ ನಂಜು, ಹುಳಿಯೂ ನಂಜು. ಈ ಒಂದು ಮಾತಿನೊಳಗೆ ನಾಲ್ಕೈದು ಬೇರೆ ಬೇರೆ ಸಂಗತಿಗಳು ಸೇರಿಹೋಗಿವೆ. ಅವುಗಳನ್ನು ಬಿಡಿಸಿ ನೋಡದೆ ಇದ್ದರೆ ನಿರಪರಾಧಿಯಾದ ಹಣ್ಣಿಗೆ ದಂಡನೆಯಾಗಿ, ನಿಜವಾದ ಅಪರಾಧಿಯು ಮನೆಯೊಳಗೇ ಉಳಿದುಕೊಳ್ಳುವುದು.

ಊರಿನಲ್ಲಿ ಯಾರಿಗಾದರೂ ಅಸ್ವಸ್ಥವಾದರೆ ಜನರು ಮೊದಲು ಬಂದು ಕೇಳುವುದು ಮುಖಂಡರನ್ನೇ. ತೋಟದ ಆಳಿಗೆ ಕೈ ಸುಟ್ಟಂತಾದರೆ ಹೇಳಿಕೊಳ್ಳುವುದು ತೋಟದ ಒಡೆಯರೊಡನೆ. ಆದಕಾರಣ ವೈದ್ಯರ ಕೆಲಸವೆಂದು ತೋರುವ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ಬೆಂಗಳೂರಿನ ಪೂರ್ವ ದಿಕ್ಕಿನ ವಿಮಾನಪುರವನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳುವೆವು. 1940ನೆಯ ಇಸವಿ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಬೆಂಬಲದಿಂದ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ, ಹೊಲಗದ್ದೆಗಳಿದ್ದ ಆ ಎಡೆಯಲ್ಲಿ ಈ ಹೆಸರಿನ ವಸತಿಯು ಬೆಳೆಯಿತು. ನಾನಾ ಪ್ರಾಂತಗಳಿಂದ ಬಂದ ಕೆಲಸಗಾರರೂ, ವಿಭೂತಿಪುರ ಮಾರತ್ತಹಳ್ಳಿ ಮುಂತಾದ ಸುತ್ತಣ ಹಳ್ಳಿಗಳ ಹಳೆಯ ಕುಳಗಳೂ ಅಲ್ಲಿ ನೆರೆಹೊರೆಯವರಾಗಿರುವರು. ಅಂತಹ ಎಡೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಎಂಟು ವರ್ಷದ ಹುಡುಗಿಯು ಭಾನುವಾರ ಬೆಳಗ್ಗೆ ನಿಂಬೆಹಣ್ಣಿನ ಚಿತ್ರಾನ್ನವನ್ನು ಉಂಡಳು. ಅರ್ಧ ಗಂಟೆಯೊಳಗೆ ಮೈಯೆಲ್ಲ ಗಂಧೆ ಎದ್ದಿತು. ಹಿರಿಯರು ಕರಿಕಂಬಳಿಯನ್ನು ಹೊದಿಸಿದರು. ಸಂಜೆಯ ವೇಳೆಗೆ ಗಂಧೆಯು ಅಡಗಿತು. ಅಂದಿನಿಂದ ಆ ಮನೆಯಲ್ಲಿ ಹುಡುಗಿಗೆ ನಿಂಬೆ, ಕಿತ್ತಳೆ, ಮೂಸಂಬಿ ಯಾವುದೂ ಇಲ್ಲ. ಆರು ತಿಂಗಳ ಮೇಲೆ ಶಾಲೆಯಲ್ಲಿ ಗೆಳತಿಯು ಕೊಟ್ಟ ಚಿಕ್ಕಿಯನ್ನು ತಿಂದು ಅವಳಿಗೆ ಗಂಟಲು ಕಟ್ಟಿ ಉಸಿರು ನಿಲ್ಲುವಂತಾಯಿತು. ಚಿತ್ರಾನ್ನದಲ್ಲಿ ನಿಂಬೆಯ ರಸವೊಂದೇ ಇರಲಿಲ್ಲ, ಒಗ್ಗರಣೆಯ ಕಡಲೆಕಾಯಿಬೀಜವೂ ಇತ್ತೆಂಬುದು ಆಗ ನೆನಪಿಗೆ ಬಂದಿತು. ಇದು ಊಹಿಸಿದ ಕಥೆಯಾದರೂ, ಇಂತಹ ತಪ್ಪು ಎಣಿಕೆಯು ಯಾವ ಮನೆಯಲ್ಲಿಯೂ ನಡೆಯಬಹುದಾದುದು.

ಅಲರ್ಜಿಯೆಂಬ ಮಾತನ್ನು 1906ರಲ್ಲಿ ವಿಯೆನ್ನಾ ನಗರದ ಮಕ್ಕಳ ವೈದ್ಯರಾದ ಫಾನ್ ಪಿರ್ಕೆ ಎಂಬವರು ಬಳಕೆಗೆ ತಂದರು. ಶರೀರಕ್ಕೆ ಹಾನಿಯನ್ನುಂಟುಮಾಡದ ಒಂದು ಪದಾರ್ಥವನ್ನು ಶರೀರವು ಶತ್ರುವೆಂದು ಭ್ರಮಿಸಿ ಕಾದಾಡುವುದೇ ಇದರ ತಿರುಳು. 1921ರಲ್ಲಿ ಜರ್ಮನಿಯ ಪ್ರೌಸ್ನಿಟ್ಸ್ ಮತ್ತು ಕ್ಯೂಸ್ಟ್ನರ್ ಎಂಬ ಇಬ್ಬರು ವೈದ್ಯರು ಒಂದು ವಿಚಿತ್ರವಾದ ಪ್ರಯೋಗವನ್ನು ತಮ್ಮ ಮೈಮೇಲೆಯೇ ಮಾಡಿಕೊಂಡರು. ಕ್ಯೂಸ್ಟ್ನರಿಗೆ ಮೀನು ಒಗ್ಗುತ್ತಿರಲಿಲ್ಲ. ಅವರ ರಕ್ತದ ತಿಳಿಯನ್ನು ಪ್ರೌಸ್ನಿಟ್ಸರ ಚರ್ಮದೊಳಗೆ ಚುಚ್ಚಿ, ಮರುದಿನ ಅದೇ ಸ್ಥಳದಲ್ಲಿ ಮೀನಿನ ಸಾರವನ್ನು ಚುಚ್ಚಿದಾಗ, ಮೀನನ್ನು ಸುಖವಾಗಿ ತಿನ್ನುತ್ತಿದ್ದ ಪ್ರೌಸ್ನಿಟ್ಸರಿಗೂ ಅಲ್ಲಿ ಗಂಧೆ ಎದ್ದಿತು. ದೋಷವು ಮೀನಿನಲ್ಲಿಲ್ಲ, ತಿನ್ನುವವನ ರಕ್ತದಲ್ಲಿರುವ ಯಾವುದೋ ವಸ್ತುವಿನಲ್ಲಿದೆ ಎಂಬುದು ಹೀಗೆ ಸಿದ್ಧವಾಯಿತು. ಆ ವಸ್ತುವನ್ನು 1966ರಲ್ಲಿ ಇಷಿಜಾಕಾ ದಂಪತಿಗಳು ಗುರುತಿಸಿದರು. ಅದಕ್ಕೆ ಈಗ ಐಜಿಇ ಎಂದು ಹೆಸರು. ಇದು ಚರ್ಮದಲ್ಲಿಯೂ ಮೂಗು ಗಂಟಲು ಕರುಳುಗಳಲ್ಲಿಯೂ ಇರುವ ಕೆಲವು ಜೀವಕಣಗಳಿಗೆ ಅಂಟಿಕೊಂಡು ಕಾವಲು ಕಾಯುತ್ತಿರುವುದು. ತನಗೆ ಪರಿಚಿತವಾದ ಪದಾರ್ಥವು ಬಂದು ಸೋಂಕಿದೊಡನೆ ಆ ಕಣಗಳು ಒಡೆದು ಹಿಸ್ಟಮಿನ್ ಮುಂತಾದ ದ್ರವ್ಯಗಳನ್ನು ಚೆಲ್ಲುವುವು. ನವೆ, ಊತ, ಗಂಧೆ, ಉಬ್ಬಸ ಎಲ್ಲವೂ ಅದರ ಫಲಗಳು. ಈ ಕಾವಲು ಏರ್ಪಡುವುದಕ್ಕೆ ಮೊದಲೊಮ್ಮೆ ಪರಿಚಯವಾಗಿರಬೇಕಾದುದರಿಂದ, "ಇಷ್ಟು ದಿನ ತಿಂದರೂ ಏನೂ ಆಗಿರಲಿಲ್ಲ" ಎಂಬ ಮಾತು ಅಲರ್ಜಿಯಲ್ಲವೆಂಬುದಕ್ಕೆ ಸಾಕ್ಷಿಯಾಗಲಾರದು.

ನಿಂಬೆಯ ಜಾತಿಯ ಹಣ್ಣುಗಳಲ್ಲಿ ಇಂತಹ ನಿಜವಾದ ಅಲರ್ಜಿಯು ಇದ್ದೇ ಇದೆ. ಆದರೆ ಹಾಲು, ಮೊಟ್ಟೆ, ಕಡಲೆಕಾಯಿ, ಸೀಗಡಿಗಳಷ್ಟು ಸಾಮಾನ್ಯವಲ್ಲ. ಅದನ್ನುಂಟುಮಾಡುವುದು ಹುಳಿಯಲ್ಲವೆಂಬುದನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಹುಳಿಯ ದ್ರವ್ಯವಾದ ಸಿಟ್ರಿಕ್ ಆಮ್ಲವು ಪ್ರೋಟೀನಲ್ಲ. ಅಲರ್ಜಿಗೆ ಕಾರಣವಾಗುವುವು ಹಣ್ಣಿನ ತಿರುಳು ಸಿಪ್ಪೆ ಬೀಜಗಳಲ್ಲಿರುವ ಕೆಲವು ಪ್ರೋಟೀನುಗಳು. ಅವುಗಳಲ್ಲಿ ಒಂದು ಬಗೆಯು ಹುಲ್ಲಿನ ಹೂವಿನ ಪರಾಗದಲ್ಲಿರುವ ಪ್ರೋಟೀನನ್ನು ಹೋಲುತ್ತದೆ. ಹುಲ್ಲಿನ ಪರಾಗದಿಂದ ಸೀನು ನೆಗಡಿಗಳನ್ನು ಅನುಭವಿಸುವವರಿಗೆ ಕಿತ್ತಳೆಯ ತೊಳೆಯನ್ನು ಬಾಯಿಗಿಟ್ಟ ಕೂಡಲೆ ತುಟಿ ಅಂಗುಳುಗಳು ನವೆದು ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಶಮನವಾಗುವುದು ಇದರಿಂದಲೇ. ಈ ಪ್ರೋಟೀನು ಕಾಯಿಸಿದರೆ ಕೆಡುವುದಾದ್ದರಿಂದ ಅಂಥವರಿಗೆ ಬೇಯಿಸಿದ ಹೆರಳೆಕಾಯಿಯ ಗೊಜ್ಜು ಬಾಧಿಸದೆ ಇರಬಹುದು. ಮತ್ತೊಂದು ಬಗೆಯು ಮುಖ್ಯವಾಗಿ ಸಿಪ್ಪೆಯಲ್ಲಿದ್ದು, ಕಾಯಿಸಿದರೂ ಜೀರ್ಣರಸಕ್ಕೆ ಸಿಕ್ಕಿದರೂ ಕೆಡದೆ, ಮೈಯೆಲ್ಲಕ್ಕೂ ವ್ಯಾಪಿಸುವ ಕಠಿನವಾದ ಲಕ್ಷಣಗಳನ್ನುಂಟುಮಾಡಬಲ್ಲುದು. ಬೀಜಗಳಲ್ಲಿರುವ ಪ್ರೋಟೀನುಗಳ ಕಥೆಯು ಇನ್ನೂ ಬೇರೆ. ಗೋಡಂಬಿ ಒಗ್ಗದ ಮಕ್ಕಳಲ್ಲಿ ಕೆಲವರಿಗೆ ಕಿತ್ತಳೆಯ ಬೀಜದ ಪ್ರೋಟೀನೂ ಒಗ್ಗುವುದಿಲ್ಲವೆಂದು ಸ್ವೀಡನ್ ದೇಶದ ಸಂಶೋಧಕರು ತೋರಿಸಿರುವರು. ಹಣ್ಣನ್ನು ಬೀಜಸಹಿತವಾಗಿ ಯಂತ್ರದಲ್ಲಿ ಅರೆದು ರಸ ತೆಗೆಯುವ ಅಂಗಡಿಗಳು ಹೆಚ್ಚಿರುವ ಈ ಕಾಲದಲ್ಲಿ ದಕ್ಷಿಣ ಕನ್ನಡ, ಕಾಸರಗೋಡು ಮೊದಲಾದ ಗೋಡಂಬಿಯ ಸೀಮೆಯವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಅಲರ್ಜಿಯಂತೆ ತೋರುವ ಇತರ ಬಾಧೆಗಳು

ತೋಟದವರು ಎಲ್ಲಕ್ಕಿಂತ ಹೆಚ್ಚಾಗಿ ಕಾಣತಕ್ಕುದು ಕೈ ಕಪ್ಪಾಗುವ ಬಾಧೆ. ನಿಂಬೆಯ ಸಿಪ್ಪೆಯಲ್ಲಿಯೂ ರಸದಲ್ಲಿಯೂ ಸೊರಾಲೆನ್ ಎಂಬ ವರ್ಗದ ದ್ರವ್ಯಗಳಿವೆ. ಇವು ಚರ್ಮಕ್ಕೆ ಅಂಟಿ, ಅದರ ಮೇಲೆ ಬಿಸಿಲು ಬಿದ್ದರೆ ಚರ್ಮವು ಸುಡುವುದು. ಸುಟ್ಟುದು ಆ ಕ್ಷಣವೇ ತಿಳಿಯುವುದಿಲ್ಲ. ಒಂದು ದಿನದ ಮೇಲೆ ಉರಿಯೂ ಕೆಂಪೂ, ಎರಡು ಮೂರು ದಿನಗಳಲ್ಲಿ ಬೊಕ್ಕೆಗಳೂ ತೋರಿ, ಬಳಿಕ ಕಂದುಗಪ್ಪು ಕಲೆಗಳು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುವುವು. ರಸವು ಹರಿದ ದಾರಿಯಲ್ಲಿಯೇ ಗೆರೆಗೆರೆಯಾಗಿ ಕಲೆ ಬೀಳುವುದು ಇದರ ಗುರುತು. ಇದು ಅಲರ್ಜಿಯೂ ಅಲ್ಲ, ಅಂಟುರೋಗವೂ ಅಲ್ಲ. ಸಾಕಷ್ಟು ರಸವೂ ಬಿಸಿಲೂ ಕೂಡಿದರೆ ಯಾರಿಗಾದರೂ ಆಗಬಹುದು. ಕೈ ಕಪ್ಪಾದ ಕೂಲಿಯಾಳನ್ನು ರೋಗಿಯೆಂದು ಕೆಲಸದಿಂದ ಬಿಡಿಸುವುದು ಶುದ್ಧ ಅನ್ಯಾಯ. ಆ ಕಲೆಯು ಅವನಿಗೆ ಬಂದುದು ಒಡೆಯನ ಹಣ್ಣನ್ನು ಕೊಯ್ದುದರಿಂದಲೇ.

ಎಳೆಯ ಮಕ್ಕಳಿಗೆ ಕಿತ್ತಳೆಯ ರಸ ತಾಗಿದ ತುಟಿಯ ಸುತ್ತಲೂ ಕೆಂಪಾಗಿ ಸ್ವಲ್ಪ ಹೊತ್ತಿನಲ್ಲಿ ಮಾಸುವುದೂ ಬಹುಮಟ್ಟಿಗೆ ಹುಳಿಯ ಕೆರಳಿಕೆಯೇ. ರಸ ತಾಗದ ಎಡೆಗಳಲ್ಲಿ ಗಂಧೆ ಎದ್ದರೆ ಮಾತ್ರ ಸಂಶಯಪಡಬೇಕು. ಎದೆಯುರಿಯೂ ಹುಳಿತೇಗೂ ಜಠರದ ಆಮ್ಲದಿಂದಾಗುವುವು. ಇನ್ನು ಕಿತ್ತಳೆ ತಿಂದರೆ ಶೀತವಾಗುವುದೆಂಬ ನಂಬಿಕೆ. ಕೊಡಗಿನ ಕಿತ್ತಳೆಯು ಹೆಚ್ಚಾಗಿ ಮಾರುಕಟ್ಟೆಗೆ ಬರುವುದೂ ಜನರಿಗೆ ನೆಗಡಿ ತಗಲುವುದೂ ಒಂದೇ ಚಳಿಗಾಲದಲ್ಲಾದ್ದರಿಂದ ಹುಟ್ಟಿದ ನಂಬಿಕೆಯಿದು ಎಂದು ನಮಗೆ ತೋರುತ್ತದೆ. ಬೆಂಗಳೂರಿನ ಪೂರ್ವಭಾಗದ ಖಾಲಿ ನಿವೇಶನಗಳಲ್ಲಿ ಬೆಳೆಯುವ ಕಾಂಗ್ರೆಸ್ ಹುಲ್ಲಿನ ಪರಾಗವು ಮೂಗಿಗೆ ಮಾಡುವ ಕೇಡು ಭಾರತೀಯ ವಿಜ್ಞಾನ ಮಂದಿರದವರ ಸಂಶೋಧನೆಗಳಿಂದ ಹಿಂದೆಯೇ ತಿಳಿದುಬಂದಿದೆ. ಬೇಲಿಯ ಕಳೆಯನ್ನು ಬಿಟ್ಟು ಬುಟ್ಟಿಯ ಹಣ್ಣನ್ನು ದೂರುವುದು ವಿವೇಕವಲ್ಲ.

ಸೀಸೆಯಲ್ಲಿ ತುಂಬಿದ ಷರಬತ್ತನ್ನು ಕುಡಿದಾಗ ಮಾತ್ರ ಉಬ್ಬಸವು ಕೆರಳಿ, ತಾಜಾ ಹಣ್ಣಿನಿಂದ ಏನೂ ಆಗದವರು ಸೀಸೆಯ ಚೀಟಿಯನ್ನು ಓದಬೇಕು. ಕೆಡದಂತೆ ಇಡಲು ಹಾಕುವ ಸಲ್ಫೈಟುಗಳು ಕೆಲವು ಉಬ್ಬಸದ ರೋಗಿಗಳಿಗೆ ಆಗುವುದಿಲ್ಲ. ಚೀಟಿಯಲ್ಲಿ ಇವನ್ನು 220ರಿಂದ 228ರವರೆಗಿನ ಅಂಕೆಗಳಿಂದ ಸೂಚಿಸುವರು.

ಚಕ್ಕೋತದ ವಿಷಯದಲ್ಲಿ ಒಂದು ಮಾತು. 2008ನೆಯ ಮೇ ತಿಂಗಳಲ್ಲಿ ವಿಮಾನಪುರದ ಪಕ್ಕದ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು ಚಕ್ಕೋತದ ಊರಾದ ದೇವನಹಳ್ಳಿಗೇ ಹೋಗಿ ಸೇರಿದುವು; ಆ ಸೀಮೆಯಲ್ಲಿ ಉಳಿದಿರುವ ಮರಗಳನ್ನು ಕಾಪಾಡಿಕೊಳ್ಳುವುದು ಈಗ ಬೇರೆಯೇ ಒಂದು ಚಿಂತೆಯಾಗಿದೆ. ಅದಿರಲಿ. ರಕ್ತದ ಒತ್ತಡಕ್ಕೂ ಕೊಬ್ಬಿಗೂ ಔಷಧ ಸೇವಿಸುವ ಹಿರಿಯರಲ್ಲಿ ಯಾರಾದರೂ ಚಕ್ಕೋತವನ್ನು ತಿಂದ ದಿನ ತಲೆ ತಿರುಗಿತೆಂದರೆ ಅದನ್ನು ಅಲರ್ಜಿಯೆಂದು ತಳ್ಳಿಬಿಡಬಾರದು. ಚಕ್ಕೋತವೂ ಅದರ ಬಳಗದ ಗ್ರೇಪ್‌ಫ್ರೂಟೂ ಕೆಲವು ಔಷಧಗಳು ಶರೀರದಲ್ಲಿ ಕರಗಿಹೋಗುವುದನ್ನು ತಡೆದು, ರಕ್ತದಲ್ಲಿ ಅವುಗಳ ಪ್ರಮಾಣವನ್ನು ಏರಿಸುವುವು. ಅಂಥವರು ತಮ್ಮ ಗುಳಿಗೆಯ ಹೆಸರನ್ನು ತೋರಿಸಿ ವೈದ್ಯರನ್ನು ಕೇಳತಕ್ಕದ್ದು.

ಪರೀಕ್ಷೆಯ ಕ್ರಮ

ಎಲ್ಲ ಪರೀಕ್ಷೆಗಳಿಗೂ ಮೊದಲನೆಯದು ಹೇಳಿಕೆ. ಏನನ್ನು ತಿಂದರು, ಎಷ್ಟು ತಿಂದರು, ಹಸಿಯೋ ಬೇಯಿಸಿದುದೋ, ಸಿಪ್ಪೆ ಬೀಜಗಳು ಸೇರಿದ್ದುವೋ, ಎಷ್ಟು ನಿಮಿಷದ ಮೇಲೆ ಏನಾಯಿತು, ಎಷ್ಟು ಹೊತ್ತು ಇದ್ದಿತು, ಆ ಹಣ್ಣನ್ನು ಮತ್ತೆ ತಿಂದಾಗಲೆಲ್ಲ ಹಾಗೆಯೇ ಆಯಿತೋ ಎಂಬುದನ್ನು ಒಂದು ಪುಸ್ತಕದಲ್ಲಿ ಅಂದಂದೇ ಬರೆದಿಡಬೇಕು. ಖಂಡುಗದ ಲೆಕ್ಕವನ್ನು ಬಿಡದೆ ಬರೆಯುವ ನಮ್ಮ ಜಮೀನುದಾರರಿಗೆ ಇದು ಭಾರವಾಗಲಾರದು. ಐಜಿಇಯಿಂದಾಗುವ ಅಲರ್ಜಿಯು ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ತೋರಿಕೊಳ್ಳುವುದು. ಊಟದ ಎಲ್ಲ ಪದಾರ್ಥಗಳನ್ನೂ ಬರೆಯದೆ ಮನಸ್ಸಿಗೆ ಸಂಶಯವಾದುದನ್ನು ಮಾತ್ರ ಬರೆದರೆ ಚಿತ್ರಾನ್ನದ ಕಡಲೆಕಾಯಿಯು ಮತ್ತೆ ತಪ್ಪಿಸಿಕೊಳ್ಳುವುದು.

ಹೇಳಿಕೆಯಿಂದ ಸಂಶಯವು ಬಲವಾದರೆ ವೈದ್ಯರು ಚರ್ಮದ ಚುಚ್ಚು ಪರೀಕ್ಷೆಯನ್ನು ಮಾಡುವರು. ಮುಂಗೈಯ ಒಳಭಾಗದಲ್ಲಿ ಸಾರದ ಒಂದು ತೊಟ್ಟನ್ನಿಟ್ಟು, ಅದರ ಮೂಲಕ ರಕ್ತ ಬಾರದಷ್ಟು ಹಗುರವಾಗಿ ಸಣ್ಣ ಮೊನೆಯಿಂದ ಚುಚ್ಚುವರು. ಪಕ್ಕದಲ್ಲಿ ಬರಿಯ ಉಪ್ಪುನೀರಿನ ತೊಟ್ಟು ಒಂದು, ಹಿಸ್ಟಮಿನ್ನಿನ ತೊಟ್ಟು ಒಂದು. ಉಪ್ಪುನೀರಿಗೆ ಗಂಧೆ ಏಳಬಾರದು, ಹಿಸ್ಟಮಿನ್ನಿಗೆ ಏಳಲೇಬೇಕು. ಇವೆರಡೂ ಸರಿಯಾಗಿದ್ದರೆ ಮಾತ್ರ ಪರೀಕ್ಷೆಗೆ ಬೆಲೆ. ಹದಿನೈದು ಇಪ್ಪತ್ತು ನಿಮಿಷಗಳ ಮೇಲೆ ಅಳೆದಾಗ ಹಣ್ಣಿನ ಸಾರದ ಗಂಧೆಯು ಉಪ್ಪುನೀರಿನದಕ್ಕಿಂತ 3 ಮಿಲಿಮೀಟರ್ ಅಥವಾ ಹೆಚ್ಚಾಗಿದ್ದರೆ ಫಲವು ಧನಾತ್ಮಕವೆಂದು ಎಣಿಸುವರು. ಹಣ್ಣುಗಳ ಪ್ರೋಟೀನು ಸೀಸೆಯ ಸಾರದಲ್ಲಿ ಬೇಗ ಶಕ್ತಿಗುಂದುವುದರಿಂದ, ತಾಜಾ ಹಣ್ಣಿಗೇ ಮೊದಲು ಮೊನೆಯನ್ನು ಚುಚ್ಚಿ ಅದರಿಂದಲೇ ಚರ್ಮವನ್ನು ಚುಚ್ಚುವ ಕ್ರಮವೂ ಉಂಟು. ರೋಗಿಯು ಯಾವ ಹಣ್ಣಿನಿಂದ ಬಾಧೆಪಟ್ಟನೋ ಆ ಜಾತಿಯ ಹಣ್ಣನ್ನು, ಸಿಪ್ಪೆ ಬೀಜಗಳೊಡನೆ, ವೈದ್ಯರು ಹೇಳಿದರೆ ತೆಗೆದುಕೊಂಡು ಹೋಗಬೇಕು. ಗಂಧೆಗೂ ನೆಗಡಿಗೂ ನುಂಗುವ ಸಿಟ್ರಿಜಿನ್ ಮುಂತಾದ ಗುಳಿಗೆಗಳನ್ನು ವೈದ್ಯರ ಅನುಮತಿಯಿಂದ ಸುಮಾರು ಒಂದು ವಾರ ಮೊದಲೇ ನಿಲ್ಲಿಸಿರಬೇಕು. ಇಲ್ಲವಾದರೆ ಚರ್ಮವು ಸುಳ್ಳು ಹೇಳುವುದು. ಗುಳಿಗೆಯನ್ನು ನಿಲ್ಲಿಸಲಾಗದವರಿಗೂ ಚರ್ಮರೋಗವು ವ್ಯಾಪಿಸಿರುವವರಿಗೂ ರಕ್ತದಲ್ಲಿನ ಐಜಿಇಯನ್ನು ಅಳೆಯುವ ಪರೀಕ್ಷೆಯಿದೆ. ಅದಕ್ಕೆ ಗುಳಿಗೆಯ ಅಡ್ಡಿಯಿಲ್ಲ. ದಿನವೂ ಸಿಪ್ಪೆ ಸುಲಿಯುವವರ ಕೈಯಲ್ಲಿ ಒಡಕು ತುರಿಗಳು ನಿಂತುಬಿಟ್ಟಿದ್ದರೆ ಬೇಕಾದುದು ಬೇರೊಂದು, ಬೆನ್ನಿಗೆ ಪಟ್ಟಿಯನ್ನಂಟಿಸಿ ಎರಡು ದಿನಗಳ ಮೇಲೆ ತೆಗೆದು ನೋಡುವ ಪರೀಕ್ಷೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಪರೀಕ್ಷೆಯು ಧನಾತ್ಮಕವಾದ ಮಾತ್ರಕ್ಕೆ ರೋಗವಿದೆಯೆಂದು ಸಿದ್ಧವಾಗದು. ಇದಕ್ಕೆ ನಮ್ಮ ಕರ್ನಾಟಕದಿಂದಲೇ ಬಂದ ಸಾಕ್ಷ್ಯವಿದೆ. ಯೂರೋಪಿನ ವಿದ್ವಾಂಸರೊಡನೆ ಕೂಡಿ ಇಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಸಮೀಕ್ಷೆಯಲ್ಲಿ 20ರಿಂದ 54 ವರ್ಷ ವಯಸ್ಸಿನ 11,791 ಮಂದಿಯನ್ನು ಮೊದಲು ಪ್ರಶ್ನಿಸಿ, ಅವರಲ್ಲಿ 588 ಮಂದಿಯನ್ನು ಕೂಲಂಕಷವಾಗಿ ವಿಚಾರಿಸಿ ರಕ್ತವನ್ನು ಪರೀಕ್ಷಿಸಿದರು. ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಇದ್ದವರು ನೂರಕ್ಕೆ 26.5, ಆ ಆಹಾರದಿಂದ ನಿಜವಾಗಿಯೂ ಅಲರ್ಜಿಯುಂಟಾಗುವುದು ಸಂಭವನೀಯವೆಂದು ಎಣಿಸಬಹುದಾದವರು ನೂರಕ್ಕೆ 1.2 ಮಾತ್ರ. ಈ ಎರಡು ಅಂಕಿಗಳ ನಡುವಣ ಅಂತರವನ್ನು ವಾಚಕರು ಒಮ್ಮೆ ನಿಂತು ನೋಡಬೇಕು. ನಾಲ್ವರಲ್ಲಿ ಒಬ್ಬನಿಗೆ ಪರೀಕ್ಷೆಯ ಕಾಗದವು "ಇದೆ" ಎನ್ನುವುದು. ತಿಂದು ನೋಡಿದರೆ ಅವರಲ್ಲಿ ಬಹುಮಂದಿಗೆ ಏನೂ ಆಗುವುದಿಲ್ಲ. ಆದ್ದರಿಂದ ಲಕ್ಷಣವೇ ಇಲ್ಲದವನಿಗೆ ಐವತ್ತು ನೂರು ಆಹಾರಗಳ ಪರೀಕ್ಷೆಯನ್ನು ಒಂದೇ ಸಲ ಮಾಡಿಸಿ, ಕಾಗದದಲ್ಲಿ ಕಂಡುದನ್ನೆಲ್ಲ ಬಿಡಿಸುವುದು ಹಣಕ್ಕೂ ಕೇಡು, ಮೈಗೂ ಕೇಡು. ಐಜಿಜಿ ಎಂಬ ಇನ್ನೊಂದು ವಸ್ತುವನ್ನು ಅಳೆದು ಒಗ್ಗದ ಆಹಾರಗಳ ಪಟ್ಟಿಯನ್ನು ಮಾರುವವರೂ ಇರುವರು. ಅದು ಆ ಆಹಾರವನ್ನು ತಿಂದಿರುವುದಕ್ಕೆ ಗುರುತೇ ಹೊರತು ಒಗ್ಗದುದಕ್ಕಲ್ಲವೆಂದು ಅಲರ್ಜಿ ತಜ್ಞರ ಸಂಘಗಳು ಸ್ಪಷ್ಟವಾಗಿ ಹೇಳಿವೆ.

ಕೊನೆಯ ತೀರ್ಪನ್ನು ಕೊಡುವುದು ತಿನ್ನಿಸಿ ನೋಡುವ ಪರೀಕ್ಷೆ. ಆಸ್ಪತ್ರೆಯಲ್ಲಿ, ಔಷಧ ಸೂಜಿಗಳನ್ನು ಸಿದ್ಧವಾಗಿಟ್ಟುಕೊಂಡು, ಮೊದಲು ಕೆಲವೇ ತೊಟ್ಟು ರಸ, ಏನೂ ಆಗದಿದ್ದರೆ ಸ್ವಲ್ಪ ಹೊತ್ತಿನ ಮೇಲೆ ಇನ್ನಷ್ಟು, ಹೀಗೆ ಪೂರ್ಣ ಪ್ರಮಾಣದವರೆಗೆ ಕೊಟ್ಟು ಬಳಿಕ ಕೆಲವು ಗಂಟೆಗಳ ಕಾಲ ಕಾದು ನೋಡುವರು. ಇದನ್ನು ಮನೆಯಲ್ಲಿ ಧೈರ್ಯಕ್ಕೆ ಮಾಡಿ ನೋಡಕೂಡದು. ವಿಮಾನಪುರದ ನಮ್ಮ ಹುಡುಗಿಗೆ ನಿಂಬೆಯ ಚುಚ್ಚು ಪರೀಕ್ಷೆಯಲ್ಲಿ ಏನೂ ತೋರದೆ, ಕಡಲೆಕಾಯಿಗೆ ದೊಡ್ಡ ಗಂಧೆ ಎದ್ದಿದ್ದರೆ, ಚಿಕ್ಕಿಯ ಅನುಭವವು ಅದಕ್ಕೆ ಸೇರಿ ತೀರ್ಮಾನಕ್ಕೆ ಸಾಕಾಗುತ್ತಿತ್ತು. ಕಡಲೆಕಾಯಿಯನ್ನು ತಿನ್ನಿಸಿ ನೋಡುವ ಅಪಾಯವೇ ಬೇಕಾಗುತ್ತಿರಲಿಲ್ಲ. ಅವಳು ನಿಂಬೆಯ ಪಾನಕವನ್ನು ಮತ್ತೆ ಕುಡಿಯಬಹುದಾಗಿತ್ತು.

ಬಿಡಬೇಕಾಗಿ ಬಂದವರ ಆಹಾರವನ್ನೂ ಯೋಚಿಸಬೇಕು. ರಾಗಿ ಸೊಪ್ಪುಗಳಲ್ಲಿನ ಕಬ್ಬಿಣದ ಅಂಶವು ರಕ್ತಕ್ಕೆ ಸೇರಲು ಸಿ ಜೀವಸತ್ತ್ವವು ಸಹಾಯ ಮಾಡುವುದು. ಸೊಪ್ಪಿನ ಪಲ್ಯಕ್ಕೆ ಹಿಂಡುವ ನಿಂಬೆಯು ರುಚಿಗೆ ಮಾತ್ರವಲ್ಲ. ನಿಂಬೆಯನ್ನು ತೆಗೆದ ಮನೆಯಲ್ಲಿ ಅದರ ಸ್ಥಾನಕ್ಕೆ ಸೀಬೆಯನ್ನೋ ನೆಲ್ಲಿಕಾಯಿಯನ್ನೋ ತಂದಿಡಬೇಕು. ಎರಡೂ ಈ ವಿಷಯದಲ್ಲಿ ನಿಂಬೆಗಿಂತ ಮೇಲು, ಬೆಲೆಯಲ್ಲಿಯೂ ಹಗುರ.

ಅಪಾಯದ ಲಕ್ಷಣಗಳನ್ನು ಪ್ರತಿಯೊಂದು ಊರಿನಲ್ಲಿಯೂ ಕೆಲವರಾದರೂ ತಿಳಿದಿರಬೇಕು. ಧ್ವನಿಯು ಒಡೆಯುವುದು, ನಾಲಿಗೆ ಗಂಟಲುಗಳು ಊದುವುದು, ಉಸಿರಾಟದಲ್ಲಿ ಸಿಳ್ಳು, ಮತ್ತೆ ಮತ್ತೆ ವಾಂತಿ, ತಲೆ ತಿರುಗಿ ಬೀಳುವುದು ಇವು ತಿಂದ ಸ್ವಲ್ಪ ಹೊತ್ತಿನಲ್ಲಿ ಗಂಧೆಯೊಡನೆ ಕಂಡರೆ, ಕಂಬಳಿಗೂ ಕಷಾಯಕ್ಕೂ ಅದು ಹೊತ್ತಲ್ಲ. ಗಂಧೆ ಇಲ್ಲದೆಯೂ ಇವು ಬರಬಹುದು. ಇದಕ್ಕೆ ಔಷಧವು ತೊಡೆಯ ಹೊರಭಾಗದ ಮಾಂಸಕ್ಕೆ ಚುಚ್ಚುವ ಅಡ್ರಿನಲಿನ್ ಒಂದೇ. ಗಂಧೆಯ ಗುಳಿಗೆಯು ಅದರ ಬದಲಿಗೆ ಬಾರದು. ರೋಗಿಯನ್ನು ಎಬ್ಬಿಸಿ ನಡೆಸದೆ ಮಲಗಿಸಿ ಕಾಲುಗಳನ್ನು ಎತ್ತರಿಸಿಡಬೇಕು. ಉಸಿರಿಗೆ ಕಷ್ಟವಾದರೆ ಒರಗಿಸಿ ಕೂರಿಸಬೇಕು. ಕೂಡಲೆ 108ಕ್ಕೆ ದೂರವಾಣಿಯಲ್ಲಿ ತಿಳಿಸಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಡ್ರಿನಲಿನ್ ಇದೆಯೇ, ರಾತ್ರಿಯ ವೇಳೆ ಅದನ್ನು ಕೊಡುವವರಿರುವರೇ ಎಂಬುದನ್ನು ಮುಖಂಡರು ಮೊದಲೇ ವಿಚಾರಿಸಿಕೊಂಡಿದ್ದರೆ ಲೇಸು.

ಇನ್ನು ತೋಟದ ಕೆಲಸ. ನಿಂಬೆಯನ್ನು ಕೊಯ್ಯುವವರಿಗೆ ಉದ್ದ ತೋಳಿನ ಅಂಗಿಯನ್ನೂ ಕೈಚೀಲವನ್ನೂ ಕೊಡುವುದು ಒಡೆಯರ ಹೊಣೆ. ರಸ ಸಿಡಿದ ಕೈಯನ್ನು ಬಿಸಿಲಿಗೆ ಬರುವ ಮೊದಲು ಸಾಬೂನಿನಿಂದ ತೊಳೆಯಲು ಗಿಡಗಳ ಬಳಿಯಲ್ಲಿಯೇ ನೀರಿರಬೇಕು. ಒಡೆದ ಹಣ್ಣುಗಳನ್ನು ಆರಿಸುವ ಕೆಲಸವನ್ನು ನೆರಳಿನಲ್ಲಿ ಇಟ್ಟುಕೊಳ್ಳಬೇಕು. ಹಣ್ಣನ್ನು ತಿನ್ನದೆಯೇ, ತೋಟದೊಳಗೆ ಹೋದಾಗಲೆಲ್ಲ ಸೀನು ಉಬ್ಬಸಗಳು ಬರುವ ಆಳುಗಳಿದ್ದರೆ ಎಲೆಯ ಅಡಿಯನ್ನು ಮಸೂರದಿಂದ ನೋಡತಕ್ಕದ್ದು. ಕೊರಿಯಾ ದೇಶದ ಜೇಜು ದ್ವೀಪದ ಕಿತ್ತಳೆಯ ತೋಟಗಾರರಲ್ಲಿ ಉಬ್ಬಸಕ್ಕೂ ಮೂಗಿನ ಬಾಧೆಗೂ ಮುಖ್ಯ ಕಾರಣವು ಎಲೆಯ ಮೇಲಿನ ಕೆಂಪು ನುಸಿಯೆಂದು 1990ರ ದಶಕದ ಕೊನೆಯಲ್ಲಿ ಕಂಡುಬಂದಿತು. ಅಂತಹ ಆಳಿಗೆ ಹಣ್ಣಿನ ಸಾರದಿಂದ ಚುಚ್ಚಿ ನೋಡಿದರೆ ಏನೂ ತೋರದೆ ಹೋಗಬಹುದು. ಎಲೆಗಳಲ್ಲಿ ನುಸಿಯಿದ್ದುದನ್ನು ಒಡೆಯರೇ ಬರೆದು ಅವನ ಕೈಯಲ್ಲಿ ವೈದ್ಯರಿಗೆ ಕಳುಹಿಸಬೇಕು. ನುಸಿಗೆ ಔಷಧವನ್ನು ಸಿಂಪಡಿಸುವ ದಿನವೂ, ಚೀಟಿಯಲ್ಲಿ ಹೇಳಿದ ಅವಧಿಯು ಕಳೆಯುವವರೆಗೂ ಅವನನ್ನು ಆ ಸಾಲುಗಳಿಗೆ ಕಳುಹಿಸದೆ ಬೇರೆ ಕೆಲಸಕ್ಕೆ ಹಾಕಿ ಕೂಲಿಯನ್ನು ಕೊಡತಕ್ಕದ್ದು.